ತಿರುಗಿ ಬರುವ ಯಂತ್ರದ ಬೆಲೆ

ನಮ್ಮ ಬೆಂಗಳೂರಿನಲ್ಲಿ ಲೀಸ್ ಎಂದರೆ ಮನೆಯ ಭೋಗ್ಯ. ಇಡಿಗಂಟು ಕೊಟ್ಟು ಮನೆ ಹೊಕ್ಕರೆ, ಬಿಡುವಾಗ ಗಂಟು ವಾಪಸ್ಸು. ಮನೆ ಹಳತಾದರೂ ಮಾಲೀಕನಿಗೆ ದೊಡ್ಡ ಚಿಂತೆಯಿಲ್ಲ, ಕೆಳಗಿನ ನೆಲದ ಬೆಲೆ ಏರುತ್ತಿರುತ್ತದೆ. ಕಂಪ್ಯೂಟರಿನ ಕೆಳಗೆ ನೆಲವಿಲ್ಲ. ಅವಧಿ ಮುಗಿದು ಯಂತ್ರ ತಿರುಗಿ ಬಂದಾಗ ಎಷ್ಟಕ್ಕೆ ಹೋದೀತು ಎಂಬ ಅಂದಾಜೇ ಕಂಪ್ಯೂಟರ್ ಲೀಸಿಂಗ್ ವ್ಯಾಪಾರದ ಜೀವ.

ಈ ಸಂಚಿಕೆಗೆ ಲೀಸಿಂಗ್ ಬಗ್ಗೆ ಬರೆಯಿರೆಂದಾಗ ನನಗೆ ನೆನಪಾದದ್ದು ಅಮೆರಿಕದ ಕಂಪನಿ ಕಾಮ್‌ಡಿಸ್ಕೊ. ಒಂದು ಕಾಲಕ್ಕೆ ಐಬಿಎಂ ತನ್ನ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿತ್ತೇ ಹೊರತು ಮಾರುತ್ತಿರಲಿಲ್ಲ. ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆ 1956ರಲ್ಲಿ ರಾಜಿಯಾದಾಗ, ಮಾರಲೂಬೇಕೆಂಬ ಕಟ್ಟಳೆ ಬಂತು. ಹಾಗೆ ಕೊಂಡ ಯಂತ್ರವನ್ನು ಐಬಿಎಂಗಿಂತ ಅಗ್ಗದ ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಐಬಿಎಂನಲ್ಲೇ ಪಳಗಿದ್ದ ಕೆನೆತ್ ಪಾಂಟಿಕಸ್ 1969ರಲ್ಲಿ ಷಿಕಾಗೊ ಸೀಮೆಯಲ್ಲಿ ಕಾಮ್‌ಡಿಸ್ಕೊ ಕಟ್ಟಿ ಶುರುಮಾಡಿದ್ದು ಮಾತ್ರ ದಲ್ಲಾಳಿ ಕೆಲಸ: ಹಳೆಯ ಯಂತ್ರ ಬೇಡವಾದವರಿಗೂ ಬೇಕಾದವರಿಗೂ ಗಂಟು ಹಾಕುವುದು. ಮರುವರ್ಷವೇ ಐಬಿಎಂ ‘ಸಿಸ್ಟಂ 370’ ಎಂಬ ಹೊಸ ಯಂತ್ರಗಳನ್ನು ಪ್ರಕಟಿಸಿತು. ಹಿಂದಿನ 360ಗಳನ್ನು ಕೊಂಡು ಪೇರಿಸಿಟ್ಟಿದ್ದ ಕಂಪನಿಗಳು ತತ್ತರಿಸಿದವು. ಗೋದಾಮಿಲ್ಲದ ದಲ್ಲಾಳಿಗೆ ಏನು ಕಳೆಯಿತು?

ಮುಂದೆ ಲೀಸಿಂಗಿಗೂ ಇಳಿದರು. ಜೊತೆಗೆ ಇನ್ನೊಂದು ಜಾಣ ಉದ್ಯೋಗ: ಬೆಂಕಿಗೋ ನೆರೆಗೋ ಗಿರಾಕಿಯ ಕಂಪ್ಯೂಟರ್ ಕೋಣೆ ಆಹುತಿಯಾದರೆ, ಅವರ ಕೆಲಸ ನಿಲ್ಲದಂತೆ ಸಜ್ಜಾಗಿಟ್ಟ ಬದಲಿ ಕೇಂದ್ರಗಳು. ಆಪತ್ತು ಬರಲಿ ಬಿಡಲಿ, ಶುಲ್ಕ ಬರುತ್ತಿತ್ತು.

ಪಾಂಟಿಕಸ್ 1994ರಲ್ಲಿ ತೀರಿಕೊಂಡರು. 1998ರಲ್ಲಿ ನೂರಕ್ಕೂ ಹೆಚ್ಚು ಹಿರಿಯ ನೌಕರರು, ಕಂಪನಿಯ ಜಾಮೀನಿನ ಮೇಲೆ, ಸ್ವಂತ ಹೆಸರಿನಲ್ಲಿ ಸಾಲ ಎತ್ತಿ ಅದರ ಷೇರು ಕೊಂಡರು. ಮೊತ್ತ 10 ಕೋಟಿ ಡಾಲರಿಗೂ ಮಿಕ್ಕಿದ್ದು. ಅದು ಡಾಟ್‌ಕಾಂ ಭರಾಟೆಯ ಕಾಲ. ಲಾಭದ ಮುಖ ಕಾಣದ ಹೊಸ ಕಂಪನಿಗಳಿಗೆ ಯಂತ್ರ, ಸಾಲ ಎರಡೂ ಹೋದವು. ಪ್ರಿಸಂ ಎಂಬ ಇಂಟರ್ನೆಟ್ ಕಂಪನಿಯನ್ನು ಕೊಂಡು 2000ದಲ್ಲಿ ಮುಚ್ಚಿದ್ದೂ ಆಯಿತು. ಹಳೆಯ ಯಂತ್ರದ ಬೆಲೆ ಕಟ್ಟಬಲ್ಲವರು ಹೊಸಬರ ಕನಸಿಗೆ ಬೆಲೆ ಕಟ್ಟಲು ಹೋದರು. ಎಡವಿದ್ದು ಅಲ್ಲೇ ಎಂದು ನನ್ನ ಎಣಿಕೆ.

2001ರ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಎರಡು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಕುಸಿದವು. ನೆಲೆ ಕಳೆದುಕೊಂಡ ಗಿರಾಕಿಗಳು ಓಡಿ ಬಂದದ್ದು ಈ ದಿವಾಳಿ ಕಂಪನಿಯ ಬದಲಿ ಕೇಂದ್ರಗಳಿಗೆ. ಅವು ಕೈಕೊಡಲಿಲ್ಲ. ಅದೇ ವರ್ಷ ಆ ವಿಭಾಗವನ್ನು ಸನ್‌ಗಾರ್ಡ್ ಎಂಬ ಕಂಪನಿ 82.5 ಕೋಟಿ ಡಾಲರಿಗೆ ಕೊಂಡುಕೊಂಡಿತು.

2002ರ ಆಗಸ್ಟಿನಲ್ಲಿ ದಿವಾಳಿಯಿಂದ ಹೊರಬಂದ ಕಾಮ್‌ಡಿಸ್ಕೊಗೆ ಉಳಿದಿದ್ದದ್ದು ಬಾಕಿ ವಸೂಲಿ ಮಾತ್ರ. ಸಾಲ ಎತ್ತಿ ಷೇರು ಕೊಂಡಿದ್ದ ಆ ನೌಕರರ ಹೆಸರುಗಳೂ ಬಾಕಿದಾರರ ಪಟ್ಟಿಯಲ್ಲಿದ್ದವು.