ಗ್ರೈಂಡಿಂಗ್ ಮತ್ತು ಲೋಹದ ಮೇಲ್ಮೈ: ಮಂಗಳೂರಿನ ಹಿನ್ನೆಲೆಯಲ್ಲಿ

ಗಟ್ಟಿ ಕಣಗಳಿಂದ ಮಾಡಿದ ಸಾಣೆಚಕ್ರವನ್ನು ವೇಗವಾಗಿ ತಿರುಗಿಸಿ, ಲೋಹದ ಬಿಡಿಭಾಗವನ್ನು ಕೊನೆಯ ಅಳತೆಗೂ ನುಣುಪಿಗೂ ತರುವ ವಿಧಾನಕ್ಕೆ ಗ್ರೈಂಡಿಂಗ್ ಎನ್ನುತ್ತಾರೆ. ಚಕ್ರದ ವೇಗ, ತುಂಡಿನ ವೇಗ, ಕಡಿತದ ಆಳ, ಫೀಡ್ (ಚಕ್ರವನ್ನು ತುಂಡಿನತ್ತ ಸರಿಸುವ ದರ), ಡ್ರೆಸ್ಸಿಂಗ್ (ಚಕ್ರದ ಮುಖವನ್ನು ಹದಗೊಳಿಸುವುದು), ಕೂಲೆಂಟ್ (ತಂಪು ದ್ರವ) ಇವು ಅದರ ಮುಖ್ಯ ನಿಯತಾಂಕಗಳು. ಮೇಲ್ಮೈಯ ಗುಣಮಟ್ಟವನ್ನು ನುಣುಪೊಂದರಿಂದಲೇ ತೀರ್ಮಾನಿಸಲು ಬರುವುದಿಲ್ಲ, ಒಳಪದರಕ್ಕೆ ತಗಲಿದ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಅರಿವು ಈ ವಿದ್ಯೆಗೆ ತಡವಾಗಿ ಬಂತು.

ಮಂಗಳೂರಿನಲ್ಲಿ ಆಧುನಿಕ ಯಂತ್ರಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಪ್ರಮುಖ. ಅದರ ಹೆಂಚಿನ ಕಾರ್ಖಾನೆ 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾಯಿತು. 1870ರ ದಶಕದಲ್ಲಿ ಮಿಷನ್ನಿನ ಯಂತ್ರ ಕಾರ್ಯಾಗಾರವೂ ಬಂತು. ಅತ್ತ ಅಮೆರಿಕದಲ್ಲಿ 1876ರಲ್ಲಿ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಯುನಿವರ್ಸಲ್ ಗ್ರೈಂಡಿಂಗ್ ಯಂತ್ರ ಬೆಳಕಿಗೆ ಬಂದರೆ, 1891ರಲ್ಲಿ ಎಡ್ವರ್ಡ್ ಅಚೆಸನ್ ಸಾಣೆಚಕ್ರಕ್ಕೆ ಒದಗುವ ಗಟ್ಟಿ ಕಣವಾದ ಸಿಲಿಕಾನ್ ಕಾರ್ಬೈಡ್ ತಯಾರಿಸಿದರು. 1914ರಲ್ಲಿ ಜಾರ್ಜ್ ಆಲ್ಡೆನ್ ಚಕ್ರದ ಒಂದೊಂದು ಕಣ ಕೊರೆಯುವ ಚೂರಿನ ದಪ್ಪವನ್ನು ಗಣಿತಕ್ಕೆ ಒಳಪಡಿಸಿದರು. 1933ರಲ್ಲಿ ಅಬಟ್ ಮತ್ತು ಫೈರ್‌ಸ್ಟೋನ್ ಮೇಲ್ಮೈಯ ಏರುತಗ್ಗುಗಳನ್ನು ಅಂಕಿಗಳಲ್ಲಿ ಹೇಳುವ ದಾರಿ ತೋರಿದರು. 1964ರಲ್ಲಿ ಫೀಲ್ಡ್ ಮತ್ತು ಕಾಲೆಸ್ 'ಮೇಲ್ಮೈ ಸಮಗ್ರತೆ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ಪ್ರಶ್ನೆ ಒಳಪದರಕ್ಕೆ ಇಳಿಯಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, 1960ರಲ್ಲಿ, ಮಂಗಳೂರಿನ ಬಳಿಯ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ವಿಭಾಗವನ್ನೂ ಒಳಗೊಂಡ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಕರ್ನಾಟಕ (ಎನ್‌ಐಟಿಕೆ) ಆಯಿತು.

ಚಕ್ರದ ವೇಗ ಹೆಚ್ಚಿದರೆ ಪ್ರತಿ ಕಣ ತೆಗೆಯುವ ಚೂರು ತೆಳುವಾಗಿ ಮೇಲ್ಮೈ ನುಣುಪಾಗುತ್ತದೆ. ತುಂಡಿನ ವೇಗ ಅಥವಾ ಕಡಿತದ ಆಳ ಹೆಚ್ಚಿದರೆ ಒರಟಾಗುತ್ತದೆ. ಡ್ರೆಸ್ಸಿಂಗ್ ವೇಳೆ ವಜ್ರದ ಮೊನೆಯನ್ನು ನಿಧಾನವಾಗಿ ಸರಿಸಿದರೆ ಚಕ್ರದ ಮುಖ ಸಮತಟ್ಟಾಗಿ ತುಂಡಿಗೆ ನುಣುಪು ಬರುತ್ತದೆ. ಆದರೆ ಆ ಚಕ್ರ ಕೊರೆಯುವುದಕ್ಕಿಂತ ಉಜ್ಜುವುದೇ ಹೆಚ್ಚು, ಉಜ್ಜಿದಷ್ಟೂ ಬಿಸಿ. ಸಾಮಾನ್ಯ ಅಲ್ಯುಮಿನಾ ಚಕ್ರ ಬಳಸಿದಾಗ ಹುಟ್ಟುವ ಬಿಸಿಯ ದೊಡ್ಡ ಪಾಲು ತುಂಡಿನೊಳಕ್ಕೇ ಇಳಿಯುತ್ತದೆ. ಹೀಗೆ ನುಣುಪು ಕೊಟ್ಟ ಆಯ್ಕೆಯೇ ಗಡಸು ಉಕ್ಕನ್ನು ಮೆದುಗೊಳಿಸಿ, ಮೇಲ್ಪದರದಲ್ಲಿ ಎಳೆತದ ಒತ್ತಡ ಉಳಿಸಬಹುದು. ಮೀನುಗಾರಿಕಾ ದೋಣಿ, ಬಸ್ಸುಗಳ ಎಂಜಿನ್ ದುರಸ್ತಿ ನಡೆಯುವ ಮಂಗಳೂರಿನಂಥ ಊರಿಗೆ ಇದು ಬರೀ ಪುಸ್ತಕದ ವಿಚಾರವಲ್ಲ. ಸವೆದ ಕ್ರ್ಯಾಂಕ್‌ಶಾಫ್ಟನ್ನು ಸಾಮಾನ್ಯವಾಗಿ 0.25 ಮಿ.ಮೀ. ಕಡಿಮೆ ಅಳತೆಗೆ ಮತ್ತೆ ಗ್ರೈಂಡ್ ಮಾಡುವಾಗ ಜರ್ನಲ್‌ನ (ಬೇರಿಂಗ್‌ನಲ್ಲಿ ಕೂರುವ ಭಾಗದ) ಮೂಲೆಯ ತಿರುವಿನಲ್ಲಿ ಉಕ್ಕು ಸುಟ್ಟರೆ, ಮುಂದೆ ಬಿರುಕು ಅಲ್ಲಿಂದಲೇ ಹೊರಡಬಹುದು.

ಒರಟುತನದ ಅಂಕಿ ನಕ್ಷೆಯ ಮಿತಿಯೊಳಗಿದ್ದರೆ ಸಾಲದೇ ಎಂಬ ಆಕ್ಷೇಪ ಉಂಟು. ಸಾಲದು. ನೈಟ್ರಿಕ್ ಆಮ್ಲದ ದುರ್ಬಲ ದ್ರಾವಣ ಹಚ್ಚಿದಾಗ ಹೊಳೆಯುವ ಉಕ್ಕಿನ ಮೇಲೂ ಕಪ್ಪು ಕಲೆ ಮೂಡಬಹುದು. ಅದು ಮೆದುವಾದ ಜಾಗ. ಅತಿ ಬಿಸಿಯಿಂದ ಮತ್ತೆ ಗಡಸಾದ ಭಾಗ ಬೆಳ್ಳಗೆ ಕಾಣುತ್ತದೆ. ಒರಟುತನ ಅಳೆಯುವ ಸೂಜಿಗೆ ಇವೆರಡೂ ತಿಳಿಯವು. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ಬಂದ ಮೇಲೆ ಈ ಚಿಂತೆ ಏಕೆ ಎಂದೂ ಕೇಳಬಹುದು. ಸಿಎನ್‌ಸಿ ಕೊಟ್ಟ ಅಂಕಿಗಳನ್ನು ತಪ್ಪದೆ ಪಾಲಿಸುತ್ತದೆ, ನಿಜ. ಆ ಅಂಕಿಗಳನ್ನು ಆರಿಸುವ ಹೊಣೆ ಮಾತ್ರ ಕುಶಲಕರ್ಮಿಯದೇ. ತೆಗೆಯುವ ಲೋಹದ ಪ್ರಮಾಣ ಅಷ್ಟೇ ಇರಲಿ, ಆಳ ತಗ್ಗಿಸಿ ತುಂಡಿನ ವೇಗ ಏರಿಸಿದರೆ ಸುಡುವ ಅಪಾಯ ಕಡಿಮೆಯಾಗುತ್ತದೆ. ಹೆಚ್ಚಿದ ಒರಟುತನವನ್ನು ಕೊನೆಗೆ ಫೀಡ್ ನಿಲ್ಲಿಸಿ ಕಿಡಿ ಆರುವ ತನಕ ಚಕ್ರ ತಿರುಗಿಸಿ ಸರಿಪಡಿಸಬಹುದು. ಆದ್ದರಿಂದ ಕಾರ್ಯಾಗಾರದಲ್ಲೂ ತರಗತಿಯಲ್ಲೂ ನುಣುಪನ್ನೂ ಬಿಸಿಯನ್ನೂ ಒಟ್ಟಿಗೇ ಪರೀಕ್ಷಿಸಿ ಕಲಿಸುವುದು ಅಗತ್ಯ.