ಎರಡು ಪದವಿಗಳ ನಡುವಿನ ಹೊಸ್ತಿಲು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಗ ‘ಇಂಟಿಗ್ರೇಟೆಡ್ ಕೋರ್ಸ್’ ಎಂಬ ಮಾತು ಕೇಳಿಬರುತ್ತದೆ. ಬಿ.ಎಸ್ಸಿ., ಎಂ.ಎಸ್ಸಿ. ಎರಡಕ್ಕೂ ಒಮ್ಮೆಗೇ ಸೇರಿ ಮುಗಿಸುವ ವ್ಯವಸ್ಥೆ ಇದು. ಇದು ತೀರ ಹೊಸದೆಂದು ಅನೇಕರ ಭಾವನೆ. ಆದರೆ ಪದವಿಗೆ ಎಷ್ಟು ವರ್ಷ ಬೇಕೆಂಬ ಚರ್ಚೆಗೆ ನಮ್ಮಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಲಂಡನ್ ಮಾದರಿಯ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅವುಗಳ ಮುಖ್ಯ ಕಾರ್ಯ. ಮೆಟ್ರಿಕ್, ಎಫ್.ಎ., ಬಿ.ಎ., ಎಂ.ಎ. ಎಂದು ಮೆಟ್ಟಿಲಿಗೊಂದು ಪರೀಕ್ಷೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಮಾತ್ರ ಬಿ.ಎ. ಆದವರಿಗೆ ಕೆಲವು ವರ್ಷ ಕಳೆದ ಮೇಲೆ ಬೇರೆ ಪರೀಕ್ಷೆಯಿಲ್ಲದೆಯೇ ಎಂ.ಎ. ಕೊಡುವ ಪದ್ಧತಿ ಇಂದಿಗೂ ಇದೆ. ಆ ಸೌಲಭ್ಯ ನಮಗೆ ಬರಲಿಲ್ಲ.

1917ರಲ್ಲಿ ಮೈಕೇಲ್ ಸ್ಯಾಡ್ಲರ್ ಅವರ ನೇತೃತ್ವದಲ್ಲಿ ನೇಮಕವಾದ ಆಯೋಗವು 1919ರಲ್ಲಿ ವರದಿ ನೀಡಿತು. ಇಂಟರ್‌ಮೀಡಿಯೆಟ್ ಮುಗಿದ ಮೇಲೆಯೇ ವಿಶ್ವವಿದ್ಯಾನಿಲಯ ಪ್ರವೇಶ, ಅಲ್ಲಿ ಮೂರು ವರ್ಷದ ಪದವಿ ಎಂಬುದು ಅದರ ಸಲಹೆ. ದೆಹಲಿ ವಿಶ್ವವಿದ್ಯಾನಿಲಯ ಇದನ್ನು 1943ರಲ್ಲಿ ಜಾರಿಗೆ ತಂದಿತು. 1948-49ರ ರಾಧಾಕೃಷ್ಣನ್ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆನರ್ಸ್ ಪದವೀಧರರಿಗೆ ಸ್ನಾತಕೋತ್ತರ ಪದವಿಗೆ ಒಂದೇ ವರ್ಷ ಸಾಕು, ಪಾಸ್ ಪದವೀಧರರಿಗೆ ಎರಡು ವರ್ಷ ಬೇಕು ಎಂದಿತು. ಆದರೆ 1964-66ರ ಕೊಠಾರಿ ಆಯೋಗದ ನಂತರ ದೇಶದಲ್ಲಿ ನೆಲೆಯೂರಿದ್ದು 10+2+3; ಅದರ ಮೇಲೆ ಸ್ನಾತಕೋತ್ತರಕ್ಕೆ ಎರಡು ವರ್ಷ.

2006ರಲ್ಲಿ ಪುಣೆ ಮತ್ತು ಕೋಲ್ಕತಾಗಳಲ್ಲಿ ಐಸರ್ ಸಂಸ್ಥೆಗಳು ಆರಂಭವಾಗಿ ಐದು ವರ್ಷದ ಬಿ.ಎಸ್.-ಎಂ.ಎಸ್. ಪದವಿ ನೀಡತೊಡಗಿದವು. ಲೆಕ್ಕ ಹಾಕಿದರೆ ಇಲ್ಲಿ ಒಂದು ವರ್ಷವೂ ಉಳಿಯುವುದಿಲ್ಲ. ಮೂರು ಎರಡು ಐದೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಪದವಿಗೆ ನಾಲ್ಕು, ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ ಎರಡು ವರ್ಷ. ಕೆಲವು ವಿಷಯಗಳ ಅಂಕವನ್ನು ಎರಡೂ ಪದವಿಗಳಿಗೆ ಎಣಿಸಿ ಐದು ವರ್ಷಕ್ಕೆ ಇಳಿಸುತ್ತಾರೆ.

ಹಾಗಾದರೆ ನಮ್ಮಲ್ಲಿ ಉಳಿಯುವುದೇನು? ಎರಡು ಪದವಿಗಳ ನಡುವಿನ ಹೊಸ್ತಿಲು. ನಮ್ಮ ತಲೆಮಾರಿನ ಎಷ್ಟೋ ಮಂದಿ ಆ ಹೊಸ್ತಿಲಲ್ಲೇ ನಿಂತುಹೋದರು. ಬಿ.ಎಸ್ಸಿ. ಮುಗಿದ ಬೇಸಿಗೆಯಲ್ಲಿ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಸೀಟಿನ ಚಿಂತೆ. ಅಷ್ಟರಲ್ಲಿ ನೌಕರಿಯ ಆದೇಶ. ಕಚೇರಿಯಲ್ಲಿ ನನ್ನ ಅಕ್ಕಪಕ್ಕದ ಮೇಜುಗಳಲ್ಲಿ ಇಂಥ ಬಿ.ಎಸ್ಸಿ.ಗಳೇ ಹೆಚ್ಚು; ನಾನೂ ಅವರಲ್ಲಿ ಒಬ್ಬ. ಒಮ್ಮೆಗೇ ಐದು ವರ್ಷಕ್ಕೆ ಸೇರಿದವನಿಗೆ ಆ ಹೊಸ್ತಿಲು ಇಲ್ಲ. ಆದರೆ ಅದು ಬಾಗಿಲೂ ಹೌದು. ತಂದೆ ನಿವೃತ್ತರಾದರೆ, ಮನೆಗೆ ಸಂಬಳ ಬೇಕಾದರೆ, ನಡುವೆ ಹೊರಬರುವವನ ಕೈಯಲ್ಲಿ ಪದವಿ ಇರಬೇಕಲ್ಲವೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಪದವಿ, ಆಮೇಲೆ ಒಂದೇ ವರ್ಷದ ಸ್ನಾತಕೋತ್ತರ ಎಂಬ ದಾರಿ ತೋರಿತು. ರಾಧಾಕೃಷ್ಣನ್ ಆಯೋಗದ ಹಳೆಯ ಸಲಹೆಯ ನೆರಳು ಇದರಲ್ಲಿ ಕಾಣುತ್ತದೆ. 2024ರಲ್ಲಿ ಯು.ಜಿ.ಸಿ. ಸಮರ್ಥ ವಿದ್ಯಾರ್ಥಿಗಳಿಗೆ ಪದವಿಯನ್ನು ಬೇಗ ಮುಗಿಸುವ ಅವಕಾಶ ಪ್ರಕಟಿಸಿತು: ಮೂರು ವರ್ಷದ್ದರಲ್ಲಿ ಒಂದು ಸೆಮಿಸ್ಟರ್, ನಾಲ್ಕು ವರ್ಷದ್ದರಲ್ಲಿ ಎರಡು ಸೆಮಿಸ್ಟರ್‌ವರೆಗೆ ಕಡಿತ. ನಿಜವಾಗಿ ಕಾಲ ಉಳಿಯುವುದು ಇಲ್ಲಿಯೇ. ಆದರೆ ಈ ಸ್ಥಾನಗಳು ಒಟ್ಟು ಪ್ರವೇಶದ ಶೇಕಡಾ 10ಕ್ಕೆ ಸೀಮಿತ.

2021ರಲ್ಲಿ ನಾಲ್ಕು ವರ್ಷದ ಪದ್ಧತಿ ಆರಂಭಿಸಿದ್ದ ಕರ್ನಾಟಕ ಸರ್ಕಾರ 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಮೂರು ವರ್ಷದ ಪದವೀಧರನಿಗೆ ಸ್ನಾತಕೋತ್ತರಕ್ಕೆ ಎರಡು ವರ್ಷವೇ ಬೇಕು. ಊರಿನಲ್ಲಿ ಓದುವ ಅಣ್ಣನ ಮಗನಿಗೂ ಇಲ್ಲಿ ಓದುವ ನಮ್ಮ ಮಗಳಿಗೂ ಲೆಕ್ಕ ಬೇರೆಯಾಗುವುದು ಹೀಗೆ.

ಆದ್ದರಿಂದ ಅರ್ಜಿ ತುಂಬುವ ಮುನ್ನ ತಂದೆತಾಯಿಗಳು ಕೇಳಬೇಕಾದ್ದು ಒಟ್ಟು ಎಷ್ಟು ವರ್ಷ ಎಂಬುದೊಂದನ್ನೇ ಅಲ್ಲ. ನಡುವೆ ನಿಲ್ಲಬೇಕಾಗಿ ಬಂದರೆ ಯಾವ ವರ್ಷಕ್ಕೆ ಯಾವ ಪದವಿ ಕೈಗೆ ಸಿಗುತ್ತದೆ, ನೌಕರಿಯ ಅರ್ಹತೆಗೆ ಅದು ಸಲ್ಲುತ್ತದೆಯೆ ಎಂಬುದನ್ನೂ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು.