ಓಬರಾಮರ್ಗೌ ಗ್ರಾಮದ ಹರಕೆಯ ನಾಟಕ

ಬವೇರಿಯದ ಪರ್ವತಪ್ರಾಂತದ ಓಬರಾಮರ್ಗೌ ಗ್ರಾಮದವರು, 1633ರಲ್ಲಿ ಪ್ಲೇಗಿನ ಮಹಾಮಾರಿಯು ಮನೆಮನೆಯನ್ನೂ ಹೊಕ್ಕು ಜೀವಗಳನ್ನು ಸೆಳೆದೊಯ್ಯುತ್ತಿದ್ದಾಗ, ಈ ವಿಪತ್ತಿನಿಂದ ಪಾರಾದರೆ ಹತ್ತು ವರ್ಷಗಳಿಗೊಮ್ಮೆ ಕ್ರಿಸ್ತನ ಯಾತನೆ, ಮರಣ, ಪುನರುತ್ಥಾನಗಳನ್ನು ಅಭಿನಯಿಸುವೆವೆಂದು ಹರಕೆ ಹೊತ್ತು, ಮರುವರ್ಷವೇ ಇಗರ್ಜಿಯ ಪಕ್ಕದ ಸಮಾಧಿಭೂಮಿಯಲ್ಲಿ ರಂಗವನ್ನು ಕಟ್ಟಿ ಅದನ್ನು ಸಲ್ಲಿಸಿದರು. ವೃತ್ತಿನಟರಿಗೆ ಅಲ್ಲಿ ಸ್ಥಾನವಿಲ್ಲ. ಆ ಊರಿನಲ್ಲಿ ಜನಿಸಿದವರು ಅಥವಾ 20 ವರ್ಷ ನೆಲಸಿದವರು ಮಾತ್ರವೇ ಪಾತ್ರಕ್ಕೆ ಅರ್ಹರು. ಮರದಲ್ಲಿ ಶಿಲುಬೆಗಳನ್ನು ಕಡೆಯುವ ಶಿಲ್ಪಿಯೂ ಅಂಗಡಿಕಾರನೂ ಹಿಂದಿನ ವರ್ಷದ ಬೂದಿ ಬುಧವಾರದಿಂದಲೇ ಕೂದಲು ಗಡ್ಡಗಳಿಗೆ ಕತ್ತರಿ ಮುಟ್ಟಿಸದೆ, ಅಪೊಸ್ತಲರಾಗಲು ತಮ್ಮ ದೇಹವನ್ನೇ ಅಣಿಗೊಳಿಸುವರು. ಹಳೆಯ ಪಾಠದಲ್ಲಿ ಯೆಹೂದ್ಯರ ಮೇಲೆ ಹೊರಿಸಿದ್ದ ಕಳಂಕವನ್ನು ಈಚಿನ ದಶಕಗಳಲ್ಲಿ ಗ್ರಾಮಸ್ಥರು ತಿದ್ದುತ್ತ ಬಂದುದರಿಂದ, ಪೂರ್ವಿಕರ ಆ ಹರಕೆಯು ಇನ್ನಷ್ಟು ಸಾರ್ಥಕವಾಯಿತೆಂದೇ ನನ್ನ ದೃಢವಾದ ನಂಬಿಕೆ.